ಸಾವಿನ ಮನೆಯ ಚಾಪೆ

ಬೆಳಗಿನಿಂದ ಉಕ್ಯೊಳ ಮನೆಗೆ ಏಳು ಜನ ಬಂದು ಹೋಗಿದ್ದರು. ಒಬ್ಬರೂ ಕೂತಿರಲಿಲ್ಲ. ಸತ್ತ ಮನೆಯಲ್ಲಿ ಕೂತರೆ ಮೂವತ್ತು ದಿನ ಮೈಲಿಗೆ. ಅಂಗಳದಲ್ಲಿ ನಿಂತು ಮಾತಾಡಿಸಿ ಹೋದರೆ ಏನೂ ಅಂಟದು. ಹಾಗಾಗಿ ರಾಜಧಾನಿಯ ದುಃಖವೆಲ್ಲ ನಿಂತ ಕಾಲಲ್ಲೇ ಮುಗಿಯುತ್ತಿತ್ತು. ಪಕ್ಕದ ಮನೆಯಾಕೆಯಂತೂ ಬೇಲಿಯಾಚೆಯೇ ಮೂಗೊರೆಸಿಕೊಂಡು, "ಋಣ ತೀರ್ತು, ಏನ್ ಮಾಡಕ್ಕಾಗುತ್ತೆ" ಎಂದು ಮೂಲಂಗಿ ತೊಳೆಯಲು ಹೋದಳು. ಉಕ್ಯೊ ಯಾರನ್ನೂ ಬೈಯಲಿಲ್ಲ. ತಾನೂ ಎಷ್ಟೋ ಅಂಗಳಗಳಲ್ಲಿ ಹಾಗೇ ನಿಂತು ಬಂದವಳು. ಒಳಗೆ ಮಲಗಿದ್ದದ್ದು ಅವಳ ಒಬ್ಬಳೇ ಮಗಳು ಸೆರಿಯ ಹೆಣ. ಆದರೂ ಮುದುಕಿಯ ಕಣ್ಣಿನಿಂದ ಒಂದು ಹನಿ ಉದುರಿರಲಿಲ್ಲ.

ಮಧ್ಯಾಹ್ನ ಬಾಗಿಲಿಗೆ ಎತ್ತಿನ ರಥ ಬಂತು. ಪರದೆಯ ಕೆಳಗಿನಿಂದ ಇಣುಕಿದ, ಸತ್ತವರಿಗಾಗಿ ಉಡುವ ಬೂದುಬಣ್ಣದ ರೇಷ್ಮೆಯ ತೋಳಂಚು ನೋಡಿ ಉಕ್ಯೊ ಬಾಗಿಲಿಗೆ ಓಡಿದಳು. ಅತ್ಸುಕೊ!

ಉಕ್ಯೊ ಎದೆಹಾಲು ಕೊಟ್ಟು ಬೆಳೆಸಿದ ಕೂಸು ಅದು. ಉಕ್ಯೊ ಆಳಾಗಿದ್ದ ದೊಡ್ಡ ಮನೆಯ ಆ ಮಗಳು ಕುಡಿದು ಬಿಟ್ಟ ಹಾಲಷ್ಟೇ ಸೆರಿಗೆ ಸಿಕ್ಕಿದ್ದು. ಅತ್ಸುಕೊಳ ತಂದೆ ಬೇಗ ತೀರಿಕೊಂಡ. ಬೆನ್ನಿಗೆ ಯಾರೂ ಇಲ್ಲದೆ, ಬರೀ ತಲೆಯ ಬಲದಿಂದ ಅವಳು ಅರಮನೆಯಲ್ಲಿ ಹನ್ನೊಂದು ವರ್ಷ ಮೇಲೇರಿದಳು. ಚೀನೀ ಗ್ರಂಥಗಳನ್ನು ಗಂಡಸರು ತಡವರಿಸಿ ಓದುವಲ್ಲಿ ಇವಳು ನೀರು ಕುಡಿದಂತೆ ಓದುತ್ತಿದ್ದಳು. ನಾಳಿದ್ದು ಅವಳಿಗೆ ಅಂತಃಪುರದ ಹಿರಿಯ ಹುದ್ದೆ. ಚಕ್ರವರ್ತಿಯ ಅಪ್ಪಣೆಗಳು ಅವಳ ಬಾಯಿಂದಲೇ ಹೊರಗೆ ಬರಬೇಕು. ಮೈಲಿಗೆಯಾದವಳು ಮಾತ್ರ ಅರಮನೆಯ ಹೊಸ್ತಿಲು ತುಳಿಯುವಂತಿಲ್ಲ, ಹಿರಿಯ ಮಂತ್ರಿಯ ತಂಗಿ ಆ ಹುದ್ದೆಗೆ ಬಾಯಿ ತೆರೆದು ಕಾದಿದ್ದಳು.

"ನಿಂತ್ಕೋ ಕಂದ, ಅಲ್ಲೇ ನಿಂತ್ಕೋ!" ರಥದಿಂದ ಇಳಿದವಳಿಗೆ ಉಕ್ಯೊ ಕೈ ಅಡ್ಡ ಹಿಡಿದಳು. "ನೋಡಿದ್ಯಲ್ಲ, ಸಾಕು. ಹೊರಡು."

"ಬಂದವಳನ್ನ ಹೀಗಾ ಕರೆಯೋದು ಅವ್ವ?"

"ಕರೆದೋರು ಯಾರು ನಿನ್ನ? ಅಷ್ಟೊಂದು ಓದಿದ್ದೀಯ, ಇಷ್ಟು ಬುದ್ಧಿ ಬೇಡ್ವಾ!"

ರಥದ ಪಕ್ಕದಿಂದ ಅತ್ಸುಕೊಳ ಮನೆವಾರ್ತೆ ನೋಡಿಕೊಳ್ಳುವ ಮಸತೋಕಿ ಕೂಗಿದ: "ಅಮ್ಮಾವ್ರೇ, ಅಂಗಳ ದಾಟಬೇಡಿ! ನಾಳಿದ್ದು ಬಿಟ್ರೆ ಈ ಜನ್ಮದಲ್ಲಿ ಇನ್ನೊಂದ್ಸಲ ಕರೆಯಲ್ಲ ಅರಮನೆಯೋರು."

"ಗೊತ್ತು ಮಸತೋಕಿ. ಹನ್ನೊಂದು ವರ್ಷ ಕಾದವಳು ನಾನೇ, ನೀನಲ್ಲ."

ಅತ್ಸುಕೊ ಅಂಗಳ ದಾಟಿದಳು. ಹೊಸ್ತಿಲಲ್ಲಿ ಒಂದು ಗಳಿಗೆ ನಿಂತಳು. ಅವಳು ತಿರುಗಿ ರಥದ ಕಡೆ ನೋಡಿದ್ದನ್ನು ಉಕ್ಯೊ ಕಂಡಳು. ಆಸೆ ಇಲ್ಲದವಳೇನಲ್ಲ. ಆ ಹುದ್ದೆಗಾಗಿ ಮದುವೆಯನ್ನೇ ಬಿಟ್ಟವಳು.

"ಬೇಡ ಕಂದ, ಕಾಲಿಗೆ ಬೀಳ್ತೀನಿ. ನನ್ನ ಹಾಲು ದಂಡ ಮಾಡ್ಬೇಡ."

"ದಂಡ ಆಗ್ಬಾರ್ದು ಅಂತಲೇ ಬಂದೆ" ಎಂದು ಅತ್ಸುಕೊ ಸೆರಿಯ ತಲೆಯ ಬಳಿ ಚಾಪೆಯ ಮೇಲೆ ಕೂತುಬಿಟ್ಟಳು. ರೇಷ್ಮೆಯ ಪದರಗಳೆಲ್ಲ ಧೂಳಲ್ಲಿ ಹರಡಿದವು. ಸೆರಿಯ ಹಣೆಯ ಮೇಲಿನ ಕೂದಲನ್ನು ಬೆರಳಿನಿಂದ ಸರಿಸಿದಳು.

ಹೊರಗೆ ಮಸತೋಕಿ ತಲೆ ಚಚ್ಚಿಕೊಂಡ. "ಹೋಯ್ತು! ಎಲ್ಲಾ ಹೋಯ್ತು! ಅರಮನೆಗೆ ಏನಂತ ಹೇಳ್ಲಿ ಈಗ? ಹಾಲು ಕೊಟ್ಟ ಆಳಿನ ಮಗಳು ಸತ್ಲು, ಅದಕ್ಕೆ ಬರಲ್ಲ ಅನ್ಲಾ? ನಗ್ತಾರೆ!"

ಉಕ್ಯೊ ತಲೆ ತಗ್ಗಿಸಿದಳು. ಅವನ ಮಾತಿನಲ್ಲಿ ಸುಳ್ಳೇನಿರಲಿಲ್ಲ. ಆಳಿಗಾಗಿ ಮೈಲಿಗೆ ಹಿಡಿದ ದೊಡ್ಡ ಮನೆಯವರನ್ನು ಆ ಊರು ಕಂಡಿರಲಿಲ್ಲ.

"ಹಾಗನ್ನಬೇಡ," ಅತ್ಸುಕೊ ತಿರುಗದೆಯೇ ಹೇಳಿದಳು. ಅರಮನೆಯ ಹಜಾರಗಳಲ್ಲಿ ಪಳಗಿದ ದನಿ, ಬೀದಿಯವರೆಗೂ ಕೇಳಿಸಿತು. "ಅತ್ಸುಕೊಳ ಅಕ್ಕ ತೀರಿಕೊಂಡ್ಲು ಅಂತ ಹೇಳು. ಹೆಸರು ಸೆರಿ. ಬರೆದುಕೊಳ್ಳೋಕೆ ಹೇಳು."

ಬೇಲಿಯಾಚೆ ಮೂಲಂಗಿ ತೊಳೆಯುವ ಸದ್ದು ನಿಂತಿತು. ಉಕ್ಯೊ ಬಾಯಿ ತೆರೆದಳು, ಬೈಯಲೆಂದೇ ತೆರೆದಳು, ಬಂದದ್ದು ಅಳು. ಅತ್ಸುಕೊ ಅವಳ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡಳು.