ಕಲ್ಲವ್ವನ ಉಸಿರು ಮತ್ತು ನಾನು

ನಾನು ಒಂದು ಕುರ್ಚಿ. ಗದಗಿನಲ್ಲಿ ಮೌನೇಶ ಬಡಿಗೇರರು ಹಳೆಯ ಬಾಗಿಲೊಂದರ ಸಾಗವಾನಿಯಿಂದ ನನ್ನನ್ನು ಮಾಡಿದರು. ನನ್ನ ಮಡಿಲು ಅಗಲ, ಕೈಗಳಿಲ್ಲ. ಹಾಗೆಯೇ ಇರಲಿ ಎಂದವಳು ಕಲ್ಲವ್ವ. ಕೈಯಿರುವ ಕುರ್ಚಿಗಳಲ್ಲಿ ಅವಳ ಸೊಂಟ ಸಿಕ್ಕಿಕೊಳ್ಳುತ್ತಿತ್ತು.

ಕಲ್ಲವ್ವ ಖಾನಾವಳಿ ನಡೆಸುತ್ತಿದ್ದಳು. ಹರೆಯದಿಂದಲೂ ಕಟ್ಟಿಗೆಯ ಒಲೆಯ ಮುಂದೆ ಕೂತು ರೊಟ್ಟಿ ಬೇಯಿಸಿದವಳು. ಆ ಹೊಗೆ ಅವಳ ಶ್ವಾಸಕೋಶವನ್ನು ಕೆಡಿಸಿತ್ತು. ನಡೆದರೆ ಏದುಸಿರು. ಏದುಸಿರಿಗೆ ಹೆದರಿ ನಡೆಯುವುದನ್ನೇ ಬಿಟ್ಟಳು, ಮೈ ಇನ್ನಷ್ಟು ಬೆಳೆಯಿತು. ಜನರಿಗೆ ಕಂಡದ್ದು ಮೈ ಮಾತ್ರ. ಗಂಡ ಮುದಕಪ್ಪನೂ ಅವಳ ತಾಟು ನೋಡಿ, ಒಂದು ರೊಟ್ಟಿ ಕಡಿಮೆ ತಿನ್ನು ಎನ್ನುತ್ತಿದ್ದ.

ಅವಳ ಅಕ್ಕ ಕಾಶವ್ವ ಆಚೆ ಓಣಿಯಲ್ಲಿ, ಮಗನ ಮನೆಯ ಮೇಲಂತಸ್ತಿನಲ್ಲಿ ಹಾಸಿಗೆ ಹಿಡಿದಿದ್ದಳು. ಆ ಮೆಟ್ಟಿಲು ಹತ್ತುವುದು ಕಲ್ಲವ್ವನಿಂದ ಆಗುತ್ತಿರಲಿಲ್ಲ. ಮೊದಲು ತೂಕ ಇಳಿಸಿಕೊಂಡು ಬಾ, ಆಮೇಲೆ ವ್ಯಾಯಾಮದ ಮಾತು ಎಂದು ವೈದ್ಯರೊಬ್ಬರು ಕಳುಹಿಸಿದ್ದರು. ಅವಳು ಅರೆಹೊಟ್ಟೆ ಉಂಡಳು. ಮೈ ಅಷ್ಟೇನೂ ಇಳಿಯಲಿಲ್ಲ, ಕಾಲಿನ ಕಸುವು ಇಳಿಯಿತು. ಅಕ್ಕನಿಗೆ ದಿನವೂ ಡಬ್ಬಿಯಲ್ಲಿ ನುಚ್ಚು ಹೋಗುತ್ತಿತ್ತು. ಖಾಲಿ ಡಬ್ಬಿಯ ಜೊತೆ, ಯಾವಾಗ ಬರುತ್ತೀ ಎಂಬ ಮಾತು ಬರುತ್ತಿತ್ತು. ಒಂದು ಮುಂಜಾನೆ ಡಬ್ಬಿ ತುಂಬಿದಂತೆಯೇ ಮರಳಿತು. ಉಸಿರು ನಿಂತಿದ್ದ ಕಾಶವ್ವನನ್ನು ಕೆಳಗಿಳಿಸಿ, ಹೂ ಹಾಕಿ ಅಂಗಳದಲ್ಲಿ ಕೂರಿಸಿದ ಮೇಲೆಯೇ ತಂಗಿ ಅವಳ ಮುಖ ಕಂಡದ್ದು.

ಅದಾದ ಮೇಲೆ ತಸ್ಲೀಮಾ ಮೇಡಂ ಸಿಕ್ಕರು. ಆಸ್ಪತ್ರೆಯೊಂದರಲ್ಲಿ ಉಸಿರಿನ ರೋಗಿಗಳಿಗೆ ವ್ಯಾಯಾಮ ಕಲಿಸುವವರು. ಮೊದಲ ದಿನವೇ ಅಲ್ಲಿನ ಪ್ಲಾಸ್ಟಿಕ್ ಕುರ್ಚಿ ಕಲ್ಲವ್ವನ ಕೆಳಗೆ ಮುರಿದು, ಇದ್ದವರು ಮುಖ ತಿರುಗಿಸಿ ನಕ್ಕರಂತೆ. ಮರುದಿನ ಮುದಕಪ್ಪ ನನ್ನನ್ನು ಹೊತ್ತುಕೊಂಡು ಅವಳ ಜೊತೆ ನಡೆದ.

"ತೂಕ ಇಳಿಯೂತನಕ ಕಾಯಬೇಕೇನ್ರಿ?" ಕಲ್ಲವ್ವ ಕೇಳಿದಳು.

"ಬ್ಯಾಡವ್ವ. ಇದ್ದ ಮೈಯಾಗ ಶುರು ಮಾಡೂಣು. ಕಾಲು ಗಟ್ಟಿ ಆದ್ರ, ಇದ್ದ ಉಸಿರಿನಾಗ ಇನ್ನಷ್ಟು ದೂರ ಹೋಗಬಹುದು," ಎಂದರು ಮೇಡಂ.

ಕಲ್ಲವ್ವ ತಲೆ ತಗ್ಗಿಸಿದಳು. "ಇದನ್ನ ಆವಾಗ ಯಾರೂ ಹೇಳಲಿಲ್ಲಲ್ರಿ."

ನನ್ನ ಮೇಲಿಂದ ಏಳುವುದು, ಕೂರುವುದು, ತುಟಿ ಮುದುಡಿ ಉಸಿರು ಬಿಡುವುದು, ಗೋಡೆಯವರೆಗೆ ನಡೆದು ಬರುವುದು. ಕೆಲವೊಮ್ಮೆ ಅರ್ಧ ಎದ್ದವಳು ಧಪ್ಪನೆ ಕುಸಿಯುತ್ತಿದ್ದಳು, ನನ್ನ ಕೀಲುಗಳು ನರಳುತ್ತಿದ್ದವು. ಮಳೆಗಾಲ ಮುಗಿಯುವ ಹೊತ್ತಿಗೆ ಮೈ ಹಾಗೇ ಇತ್ತು. ಆದರೆ ಅವಳು ನಡೆಯುತ್ತಿದ್ದಳು.

ಒಂದು ಸೋಮವಾರ ಸಂಜೆ ಅಕ್ಕನಿದ್ದ ಮನೆಗೆ ಹೋದಳು. ಮುದಕಪ್ಪ ನನ್ನನ್ನು ಮೆಟ್ಟಿಲ ತಿರುವಿನಲ್ಲಿ ಇಟ್ಟ. ಕೂತು ಸುಧಾರಿಸಿಕೊಂಡು ಮತ್ತೆ ಹತ್ತಿದಳು. ಮೇಲಿನ ಕೋಣೆಯಲ್ಲಿ ಮಂಚ ತೆಗೆದು ಜೋಳದ ಚೀಲ ಒಟ್ಟಿದ್ದರು. ಅವನು ನನ್ನನ್ನು ಮಂಚವಿದ್ದ ಜಾಗದ ಪಕ್ಕಕ್ಕೆ ತಂದಿಟ್ಟ. ಅವಳ ಉಸಿರು ನಿಧಾನವಾಗಿ ಸಮಕ್ಕೆ ಬಂತು.

"ಇಳಿಯೂಣೇನು?" ಎಂದ.

"ಸ್ವಲ್ಪ ತಡೀರಿ."

"ದಮ್ಮು ಬಂತೇನು?"

"ಇಲ್ಲ. ದಮ್ಮಲ್ಲ."

ಮುದಕಪ್ಪ ಚೀಲಕ್ಕೆ ಒರಗಿ ನೆಲದ ಮೇಲೆ ಕೂತ. ಕತ್ತಲಾಗುವ ತನಕ ಇಬ್ಬರೂ ಅಲ್ಲೇ ಇದ್ದರು.

ಮುಂದೆ ಒಂದು ಚಳಿಗಾಲದ ಕೆಮ್ಮಿನಲ್ಲಿ ಕಲ್ಲವ್ವ ತೀರಿಕೊಂಡಳು. ಮುದಕಪ್ಪ ನನ್ನನ್ನು ಮೇಡಂಗೆ ಕೊಟ್ಟ. ಈಗ ವ್ಯಾಯಾಮದ ಕೋಣೆಯ ಮೂಲೆಯಲ್ಲಿದ್ದೇನೆ, ಒಂದು ಹಿಂಗಾಲು ಸಡಿಲವಾಗಿದೆ. ದೊಡ್ಡ ಮೈಯವರು ಬಂದರೆ ಮೊದಲು ಅಂಗೈಯಿಂದ ನನ್ನನ್ನು ಒತ್ತಿ ನೋಡುತ್ತಾರೆ. ಕೂತ ಮೇಲೂ ಅರೆಮೈ ಎತ್ತಿ ಹಿಡಿದೇ ಇರುತ್ತಾರೆ. ಪೂರ್ತಿ ಕೂತುಕೊಳ್ಳಿ ಎಂದು ಹೇಳಲು ನನಗೆ ಬಾಯಿಲ್ಲ.