ಸಾಹೇಬರ ಅನುಮಾನ

ಸಾಹೇಬರು ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಅಂದರೆ, ನಾಲ್ಕನೆಯದನ್ನು ಮುಚ್ಚಿ ಹಿಡಿದು "ಆಗ್ಲಿ ಸಾರ್" ಅನ್ನುವ ಜಾತಿಯವನು ಆತ. ಅದಕ್ಕೇ ಠಾಣೆಯಲ್ಲಿ ಅವನ ಹೆಸರೇ 'ಆಗ್ಲಿ ಸಾರ್' ಎಂದಾಗಿತ್ತು. ಈಗ ನಿವೃತ್ತ. ಮಗಳು ಅದೇ ಠಾಣೆಯಲ್ಲಿ ಕಾನ್‌ಸ್ಟೇಬಲ್. ಇವತ್ತು ಅವಳು ಕಟಕಟೆ ಹತ್ತಬೇಕು.

ಆಗಿದ್ದಿಷ್ಟು. ಒಡವೆ ಅಂಗಡಿಯಲ್ಲಿ ಕಳವಾಯಿತು. ಎದುರಿನ ಗೋಡೆಗೆ ಬಣ್ಣ ಬಳಿಯುತ್ತಿದ್ದವನನ್ನು ಮಗಳು ಬಂಧಿಸಿ ತಂದಳು. ಆಮೇಲೆ ನಿಜವಾದ ಕಳ್ಳ ಸಿಕ್ಕಿದ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಬಂಧನವೇ ಅಕ್ರಮ ಎಂದು ಬಣ್ಣದವನು ಕೋರ್ಟಿಗೆ ಹೋದ.

ಬೆಳಿಗ್ಗೆ ಮಗಳ ಬೂಟಿಗೆ ಪಾಲಿಶ್ ಹಚ್ಚುತ್ತಾ ಅಪ್ಪ ಬುದ್ಧಿ ಹೇಳಿದ್ದ. "ನಂಗೇ ಅನುಮಾನ ಬಂತು ಅಂದ್ಬಿಡು, ಮುಗೀತು. ಸಾಹೇಬ್ರನ್ನ ಎದುರು ಹಾಕ್ಕೊಂಡ್ರೆ ಕೆಲಸ ಉಳಿಯಲ್ಲ ಕಣಮ್ಮಾ."

ಅವಳು ಬೂಟು ಹಾಕಿಕೊಂಡು ಹೊರಟಿದ್ದಳು.

"ಅವನ ಮೇಲೆ ನಿಮಗೇಕೆ ಅನುಮಾನ ಬಂತು?" ಕೋರ್ಟಿನಲ್ಲಿ ಬಣ್ಣದವನ ವಕೀಲರು ಕೇಳಿದರು. ಮುಂದಿನ ಬೆಂಚಿನಲ್ಲಿ ಇನ್ಸ್‌ಪೆಕ್ಟರ್ ಸಾಹೇಬರು ಅವಳನ್ನೇ ದುರುಗುಟ್ಟಿ ನೋಡುತ್ತಿದ್ದರು.

"ನಂಗೆ ಬಂದಿರ್ಲಿಲ್ಲ. ಹಿಡ್ಕೊಂಡು ಬಾ ಅಂದ್ರು ಸಾಹೇಬ್ರು. ಯಾಕೆ ಅಂತ ಕೇಳ್ದೆ. ಹೇಳಿದಷ್ಟು ಮಾಡು ಅಂದ್ರು. ಮಾಡ್ಬಿಟ್ಟೆ. ನಂದೂ ತಪ್ಪೇ."

ಹಿಂದಿನ ಬೆಂಚಿನಲ್ಲಿ ಕೂತಿದ್ದ ಅಪ್ಪ ಥಟ್ಟನೆ ಸಾಹೇಬರ ಕಡೆ ನೋಡಿದ.

ಸರ್ಕಾರಿ ವಕೀಲರು ಎದ್ದುನಿಂತು, ಮೇಲಧಿಕಾರಿಯ ಆದೇಶವೇ ಸಾಕು ಎಂದು ವಾದಿಸಿದರು. ನ್ಯಾಯಾಧೀಶರು ಅಡ್ಡಡ್ಡ ತಲೆಯಾಡಿಸಿದರು. "ಸಾಲದು. ಸಕಾರಣ ಅನುಮಾನವಿದ್ದರೆ ಬಂಧಿಸಬಹುದು ಎನ್ನುತ್ತದೆ ಕಾಯ್ದೆ. ಆ ಅನುಮಾನ ಬಂಧಿಸುವವರ ಮನಸ್ಸಿನಲ್ಲೇ ಇರಬೇಕು. ಅದರ ಕಾರಣ ಮೂರನೆಯವರೂ ಒಪ್ಪುವಂತಿರಬೇಕು. ಮೇಲಿನವರು ಮಾಹಿತಿ ಕೊಟ್ಟಿದ್ದರೆ ಅದು ಬೇರೆ ಮಾತು. ಬರೀ ಅಪ್ಪಣೆ ಕಾರಣವಾಗುವುದಿಲ್ಲ."

ಬಂಧನ ಅಕ್ರಮವೆಂದು ತೀರ್ಪಾಯಿತು. ಬಣ್ಣದವನು ಹೊರಗೆ ಹೋಗುವಾಗ ಮಗಳ ಮುಂದೆ ನಿಂತು ಕೈಮುಗಿದ. ಅವಳೂ ಮುಗಿದಳು. ಇಂಥವಳು ನನ್ನ ಮಗಳಾ ಎಂದು ಅಪ್ಪನಿಗೆ ಹೆಮ್ಮೆಯಿಂದ ಕಣ್ಣು ತುಂಬಿಬಂತು. ನಾಳೆ ಅವಳ ಕೆಲಸ ಏನಾಗುತ್ತದೋ ಎಂಬ ಭಯ ಹಾಗೇ ಇತ್ತು, ಆದರೆ ಹೆಮ್ಮೆ ಅದಕ್ಕಿಂತ ದೊಡ್ಡದಾಗಿತ್ತು.

ಮೊಗಸಾಲೆಯಲ್ಲಿ ಸಾಹೇಬರು ಅಪ್ಪನನ್ನು ತಡೆದು ನಿಲ್ಲಿಸಿದರು. "ಏನಯ್ಯಾ, ಮಗಳಿಗೆ ಸ್ವಲ್ಪ ಬುದ್ಧಿ ಹೇಳಬಾರ್ದಾ?"

ಹಳೆಯ ಎರಡು ಪದ ನಾಲಿಗೆ ತುದಿಗೆ ಬಂದವು. ಆತ ನುಂಗಿಕೊಂಡ.

"ಬೆಳಿಗ್ಗೆ ಹೇಳಿದ್ದೆ ಸಾರ್," ಅಂದ. "ಪುಣ್ಯಕ್ಕೆ ಅವಳು ಕೇಳಲಿಲ್ಲ."