ಕಿವಿ ಮೇಸ್ತ್ರಿ ಗಾಡಿ ನೋಡಿದ್ದು

ಹಳೇ ಗಾಡಿ ಕೊಳ್ಳುವವರಲ್ಲಿ ಎರಡು ಥರ. ಬಣ್ಣ ನೋಡಿ ಮರುಳಾಗಿ ಆಮೇಲೆ ತಲೆ ಮೇಲೆ ಕೈ ಹೊತ್ತು ಕೂರುವವರು ಒಂದು, ಕಿವಿ ಮೇಸ್ತ್ರಿಯನ್ನು ಜೊತೆಗೆ ಕರೆದುಕೊಂಡು ಹೋಗುವವರು ಇನ್ನೊಂದು. ಊರಿನಲ್ಲಿ ಅವನ ಸ್ವಂತ ಹೆಸರು ಎಂದೋ ಮರೆತುಹೋಗಿತ್ತು. ನಲವತ್ತು ವರ್ಷ ಎಂಜಿನ್ ಬಿಚ್ಚಿ ಕಟ್ಟಿದವನ ಆಸ್ತಿಯೆಂದರೆ ಮೊಳದುದ್ದದ ಒಂದು ಸ್ಕ್ರೂಡ್ರೈವರ್. ಓಡುತ್ತಿರುವ ಎಂಜಿನ್ನಿಗೆ ಅದರ ತುದಿಯನ್ನು ಒತ್ತಿ, ಮರದ ಹಿಡಿಯನ್ನು ಕಿವಿಯ ಪಕ್ಕದ ಮೂಳೆಗೆ ಆನಿಸಿ ಕಣ್ಣು ಮುಚ್ಚಿದನೆಂದರೆ ಆ ಗಾಡಿಯ ಬಂಡವಾಳವೆಲ್ಲ ಬಯಲಾಯಿತೆಂದೇ ಅರ್ಥ. ದಲ್ಲಾಳಿಗಳು ಅವನನ್ನು ಕಂಡರೆ ಹಲ್ಲು ಕಿರಿಯುತ್ತಿದ್ದರು, ಬೆನ್ನು ತಿರುಗಿಸಿದೊಡನೆ ಶಪಿಸುತ್ತಿದ್ದರು. ಎರಡನ್ನೂ ಅವನು ಸಂಬಳದ ಮೇಲಿನ ಭತ್ಯೆ ಎಂಬಂತೆ ತೆಗೆದುಕೊಳ್ಳುತ್ತಿದ್ದ.

ಈ ಸಲ ಕರೆದಿದ್ದವಳು ಅವನ ತಂಗಿ. ಆಕ್ಸಿಜನ್ ಸಿಲಿಂಡರುಗಳನ್ನು ಮನೆಮನೆಗೆ ಮುಟ್ಟಿಸುವುದು ಅವಳ ಕೆಲಸ. ಆಸ್ಪತ್ರೆಯಿಂದ ಮನೆಗೆ ಕಳಿಸಿದ ರೋಗಿಗಳು, ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವ ಮುದುಕರು, ಸಣ್ಣಪುಟ್ಟ ನರ್ಸಿಂಗ್ ಹೋಮಿನವರು, ಎಲ್ಲರೂ ಅವಳನ್ನೇ ನಂಬಿಕೊಂಡಿದ್ದರು. ಸೋಫಾ ಸಾಗಿಸುವವನ ಗಾಡಿ ದಾರಿಯಲ್ಲಿ ಕೈಕೊಟ್ಟರೆ ಸೋಫಾ ನಾಳೆ ಬರುತ್ತದೆ, ಅಷ್ಟೆ. ಇವಳ ಗಾಡಿ ಕೈಕೊಟ್ಟರೆ ಏನಾಗುತ್ತದೆಂದು ಅಣ್ಣ ತಂಗಿ ಇಬ್ಬರಿಗೂ ಗೊತ್ತಿತ್ತು. ಒಂದು ಸಲ ಕೈಕೊಟ್ಟಿತ್ತು.

ಹದಿನಾಲ್ಕು ತಿಂಗಳ ಹಿಂದೆ, ನಡುಮಧ್ಯಾಹ್ನ, ಸೇತುವೆಯ ಮೇಲೆ. ಎಂಜಿನ್ ಕುದ್ದು, ಹೊಗೆಯೆದ್ದು, ಗಾಡಿ ನಿಂತುಬಿಟ್ಟಿತು. ಹಿಂದೆ ಆರು ತುಂಬಿದ ಸಿಲಿಂಡರುಗಳು. ಅವುಗಳಲ್ಲೊಂದು ನೀರಿನ ಟ್ಯಾಂಕಿನ ಬೀದಿಯ ಟೈಲರ್ ಅಜ್ಜನಿಗೆ ಹೋಗಬೇಕಾಗಿತ್ತು. ಅಜ್ಜನ ಬಳಿ ಇದ್ದ ಸಿಲಿಂಡರಿನಲ್ಲಿ ಇನ್ನು ಅರ್ಧ ಗಂಟೆಯ ಗಾಳಿ ಮಾತ್ರ ಇತ್ತು. ತಂಗಿ ಹೋಗುವವರಿಗೆಲ್ಲ ಕೈ ಅಡ್ಡ ಹಾಕಿ, ಕೊನೆಗೆ ಯಾರದೋ ಕಾರಿನ ಹಿಂದಿನ ಸೀಟಿನಲ್ಲಿ ಸಿಲಿಂಡರನ್ನು ಮಲಗಿಸಿಕೊಂಡು ತಲುಪುವ ಹೊತ್ತಿಗೆ ಒಂದು ಗಂಟೆ ಕಳೆದಿತ್ತು, ಅಜ್ಜನ ಉಸಿರು ನಿಂತಿತ್ತು. ಬೇಗ ತಲುಪಿದ್ದರೂ ಉಳಿಯುತ್ತಿದ್ದರೆಂದು ಹೇಳಲಾಗದು ಎಂದರು ಡಾಕ್ಟರು. ಡಾಕ್ಟರು ಒಳ್ಳೆಯವರು. ಆದರೆ ಅಂಥ ಮಾತು ಕಿವಿಗೆ ಬೀಳುತ್ತದೆಯೇ ಹೊರತು ಎದೆಗೆ ಇಳಿಯುವುದಿಲ್ಲ.

ಅಂದು ಸಂಜೆ ಅವಳ ಜೊತೆ ಸೇತುವೆಗೆ ಬಂದ ಅಣ್ಣ ಬಾನೆಟ್ ಎತ್ತಿ ನೋಡಿ ಕೇಳಿದ್ದು ಒಂದೇ ಪ್ರಶ್ನೆ.

“ಬೆಳಗ್ಗೆ ರೇಡಿಯೇಟರ್ ನೀರು ನೋಡಿದ್ಯಾ?”

ಅವಳು ನೋಡಿರಲಿಲ್ಲ. ಅವತ್ತೊಂದು ದಿನ ಅವಸರದಲ್ಲಿ ಹಾಗೇ ಹೊರಟಿದ್ದಳು. ಆಗ ಬಾಡಿದ ಅವಳ ಮುಖ ಆಮೇಲೆ ಸರಿಯಾಗಿ ಅರಳಿದ್ದನ್ನು ಯಾರೂ ಕಂಡಿಲ್ಲ. ಗಾಡಿಯನ್ನು ಗುಜರಿಗೆ ಹಾಕಿದಳು, ಬಾಡಿಗೆ ಗಾಡಿಗಳಲ್ಲಿ ಕೆಲಸ ನಡೆಸಿದಳು. ಅಜ್ಜನ ಮನೆಯಲ್ಲಿ ಉಳಿದುಹೋದ ಖಾಲಿ ಸಿಲಿಂಡರನ್ನು ವಾಪಸು ತರಲು ಮಾತ್ರ ಅವಳ ಕಾಲು ಏಳಲಿಲ್ಲ. ಆ ಬೀದಿಯನ್ನು ತಪ್ಪಿಸಲು ಅರ್ಧ ಊರು ಸುತ್ತಿ ಹೋಗುತ್ತಿದ್ದಳು.

ಹಳೇ ಗಾಡಿಗಳ ಅಂಗಳ ಪೇಟೆಯ ಹೊರಗಿತ್ತು. ತಗಡಿನ ಮಾಡು, ಎಣ್ಣೆ ಕುಡಿದು ಕಪ್ಪಾದ ನೆಲ, ಸಾಲಾಗಿ ನಿಂತ ಗಾಡಿಗಳ ಗಾಜಿನ ಮೇಲೆ ಸುಣ್ಣದಲ್ಲಿ ಬರೆದ ಅಂಕಿಗಳು. ದಲ್ಲಾಳಿ ಕೈ ಒರೆಸಿಕೊಳ್ಳುತ್ತ ಎದುರು ಬಂದ.

“ಬನ್ನಿ ಮೇಸ್ತ್ರಿಗಳೇ, ನಿಮ್ಮ ಕಿವಿಗೆ ಅಂತಾನೇ ಎರಡು ಪಿಕಪ್ ತೆಗೆದಿಟ್ಟಿದೀನಿ. ಆ ಬಿಳೀದು ನೋಡಿ, ಒಬ್ಬರೇ ಓಡಿಸಿರೋ ಗಾಡಿ. ಮಗು ಥರ ಸಾಕಿದಾರೆ.”

“ಮಗೂಗೆ ಎಷ್ಟು ಸಲ ಬಣ್ಣ ಬಳಿದಿದಾರೆ?” ಎಂದ ಮೇಸ್ತ್ರಿ.

ದಲ್ಲಾಳಿ ನಕ್ಕ. ತಂಗಿ ನಗಲಿಲ್ಲ. ಅವಳು ಆಗಲೇ ಬಾನೆಟ್ ಎತ್ತಿ, ರೇಡಿಯೇಟರಿನ ಮುಚ್ಚಳ ತಿರುಗಿಸಿ, ಬೆರಳು ಅದ್ದಿ ನೀರು ನೋಡುತ್ತಿದ್ದಳು. ಇನ್ನೂ ತನ್ನದಾಗದ ಗಾಡಿಯ ನೀರು. ಬಾಡಿಗೆ ಗಾಡಿ ಹತ್ತುವ ಮೊದಲೂ ಹಾಗೇ ಮಾಡುತ್ತಿದ್ದಳು. ಡ್ರೈವರುಗಳು ಅವಳಿಗೆ ನೀರಕ್ಕ ಎಂದು ಅಡ್ಡಹೆಸರು ಇಟ್ಟಿದ್ದರು. ಮೇಸ್ತ್ರಿ ಪ್ರತಿ ಸಲದಂತೆ ಈ ಸಲವೂ ಮುಖ ಬೇರೆ ಕಡೆ ತಿರುಗಿಸಿಕೊಂಡ.

ಎಂಜಿನ್ ಮೇಲೆ ಅಂಗೈ ಇಟ್ಟು ನೋಡಿದ. ತಣ್ಣಗಿತ್ತು. ಮೊದಲೇ ಬಿಸಿ ಮಾಡಿಟ್ಟಿದ್ದರೆ, ಬೆಳಗ್ಗೆ ಎದ್ದೇಳಲು ಹಟ ಹಿಡಿಯುವ ಗಾಡಿಯ ಗುಟ್ಟು ಮುಚ್ಚಿಹೋಗುತ್ತದೆ. ಆಮೇಲೆ ಅಂಗಾತ ಮಲಗಿ ಕೆಳಗೆ ತೂರಿದ. ಗಾಡಿಯ ಮೈ ಹೊರುವ ಚಾಸಿಯ ಉದ್ದಕ್ಕೂ ಮೆತ್ತಿದ್ದ ಮಣ್ಣನ್ನು ಉಗುರಿನಿಂದ ಕೆರೆದ, ತುಕ್ಕು ಚರ್ಮದಲ್ಲೇ ನಿಂತಿದೆಯೋ ಮೂಳೆಗೂ ಇಳಿದಿದೆಯೋ ಎಂದು ತಟ್ಟಿ ನೋಡಿದ. ಹಿಂದಿನ ಸ್ಪ್ರಿಂಗ್ ಪಟ್ಟಿಗಳಲ್ಲಿ ಬಿರುಕಿರಲಿಲ್ಲ. ಬ್ರೇಕ್ ಪೆಡಲಿನ ರಬ್ಬರ್ ಎಷ್ಟು ಸವೆದಿದೆ, ಮೀಟರ್ ಎಷ್ಟು ತೋರಿಸುತ್ತಿದೆ, ಎರಡನ್ನೂ ಪಕ್ಕಪಕ್ಕ ಇಟ್ಟು ಅಳೆದು ತೂಗಿದ. ಮೀಟರನ್ನು ಹಿಂದಕ್ಕೆ ತಿರುಗಿಸುವ ಜಾಣರಿಗೆ ಪೆಡಲಿನ ನೆನಪಾಗುವುದಿಲ್ಲ. ಇಲ್ಲಿ ಎರಡೂ ತಾಳೆಯಾಗುತ್ತಿದ್ದವು. ಟೈರುಗಳು ಒಂದೇ ಸಮ ಸವೆದಿದ್ದವು. ಬಿಳಿ ಗಾಡಿ ನೋಡಲು ಅಲಂಕಾರಪ್ರಿಯ, ಆದರೂ ಸುಳ್ಳುಗಾರ ಅಲ್ಲ ಎನ್ನಿಸಿತು.

“ಶುರು ಮಾಡಿ.”

ಎಂಜಿನ್ ಎದ್ದಿತು. ಮೇಸ್ತ್ರಿ ಸ್ಕ್ರೂಡ್ರೈವರಿನ ತುದಿಯನ್ನು ಒಂದೊಂದೇ ಜಾಗಕ್ಕೆ ಇಟ್ಟ. ಕೊನೆಗೆ ಮುಂಭಾಗದಲ್ಲಿ, ನೀರನ್ನು ಎಂಜಿನ್ ಸುತ್ತ ತಿರುಗಿಸುವ ಪಂಪಿನ ಮೇಲೆ ಇಟ್ಟು ಕಣ್ಣು ಮುಚ್ಚಿದ. ಸದ್ದಿಲ್ಲ. ಅಡಿಯಲ್ಲಿ ಎಂಜಿನ್ನಿನ ಗುಡುಗು, ಅದರ ಮೇಲೆ ಏನೂ ಇಲ್ಲ.

ಏನೂ ಇಲ್ಲದ ಆ ಸದ್ದು ಅವನಿಗೆ ಎರಡು ಮೂರು ವರ್ಷದಿಂದ ಅಭ್ಯಾಸವಾಗಿತ್ತು. ಈಗೀಗ ಗಾಡಿಗಳನ್ನು ಚೆನ್ನಾಗಿ ಮಾಡುತ್ತಾರೆ ಎಂದುಕೊಂಡಿದ್ದ. ಮನೆಯಲ್ಲಿ ಹೆಂಡತಿ ಫೋನು ಹೊಡೆದುಕೊಳ್ಳುತ್ತಿದೆ ಎಂದು ರೇಗಿದರೆ, ಫೋನು ಕೆಟ್ಟಿದೆ ಎನ್ನುತ್ತಿದ್ದ. ಮೊಮ್ಮಗಳು ಗುಟ್ಟು ಹೇಳಿದರೆ ಸುಮ್ಮನೆ ತಲೆಯಾಡಿಸುತ್ತಿದ್ದ. ಜನರ ಮಾತೇನೋ ಕೇಳಿಸುತ್ತಿತ್ತು, ಸಣ್ಣ ದನಿಗಳಷ್ಟೇ ಒಂದೊಂದಾಗಿ ಜಾಗ ಖಾಲಿ ಮಾಡಿದ್ದವು. ಕಿವಿಯಿಂದಲೇ ಹೆಸರು ಮಾಡಿದವನು ಅದನ್ನು ತನಗೆ ತಾನೇ ಹೇಗೆ ಹೇಳಿಕೊಂಡಾನು?

ಇದೇ ಆಗಬಹುದು ಎನ್ನಲು ಬಾಯಿ ತೆರೆದ. ಅಷ್ಟರಲ್ಲಿ ತಂಗಿ ಕೇಳಿದಳು.

“ಈ ಕೀರಲು ಏನಣ್ಣ?”

“ಯಾವ ಕೀರಲು?”

“ಅದೇ, ಕುಂಯ್ ಅಂತಿದೆಯಲ್ಲ.”

“ಅಯ್ಯೋ ಅಕ್ಕ, ಬೆಲ್ಟ್ ಹೊಸದು, ಅದಕ್ಕೇ ಕೂಗ್ತಿದೆ. ಒಂದು ವಾರದಲ್ಲಿ ಸರಿಹೋಗುತ್ತೆ,” ಎಂದ ದಲ್ಲಾಳಿ.

ಅಂದರೆ ದಲ್ಲಾಳಿಗೂ ಕೇಳಿಸುತ್ತಿತ್ತು. ಗಾಡಿಯ ಸುತ್ತ ನಿಂತ ಮೂವರಲ್ಲಿ ಕೇಳಿಸದೇ ಇದ್ದವನು ಕಿವಿ ಮೇಸ್ತ್ರಿ ಒಬ್ಬನೇ.

“ಹೌದು ಹೌದು,” ಎಂದಳು ತಂಗಿ, ನೆನಪು ಮಾಡಿಕೊಳ್ಳುತ್ತ. “ಹಳೇ ಗಾಡೀಲೂ ಹೀಗೇ ಇತ್ತು. ತಗೊಳ್ಳೋ ದಿನ ನಾನು ಕೇಳ್ದಾಗ ನೀನೂ ಇದೇ ಅಂದಿದ್ದೆ ಅಲ್ವಾ ಅಣ್ಣ? ಬೆಲ್ಟ್ ಹೊಸದು ಅಂತ. ಆಮೇಲೆ ಅಭ್ಯಾಸ ಆಗೋಯ್ತು.”

ಮೇಸ್ತ್ರಿ ಸ್ಕ್ರೂಡ್ರೈವರನ್ನು ಕೆಳಗಿಳಿಸಿದ. ಎಂಜಿನ್ ನಿಲ್ಲಿಸುವಂತೆ ಕೈಸನ್ನೆ ಮಾಡಿದ. ಬೆಲ್ಟ್ ಸಡಿಲಿಸಿ, ಪಂಪಿನ ಗಾಲಿಯನ್ನು ಎರಡು ಬೆರಳಲ್ಲಿ ಹಿಡಿದು ಅಲುಗಿಸಿದ. ಕೂದಲೆಳೆಯಷ್ಟು ಸಡಿಲಾಗಿ ಆಡಿತು. ಒಳಗಿನ ಬೇರಿಂಗ್ ತಿಂದುಹೋಗಿತ್ತು. ಕಿವಿ ಸುಳ್ಳು ಹೇಳಿದರೂ ಬೆರಳು ಹೇಳಲಿಲ್ಲ.

“ಪಂಪ್ ಹೋಗಿದೆ,” ಎಂದ.

ದಲ್ಲಾಳಿ ಎರಡೂ ಕೈ ಮೇಲೆತ್ತಿದ. “ನಿಮ್ಮ ಕಿವಿಗೆ ಸಾಟಿ ಇಲ್ಲ ಬಿಡಿ ಮೇಸ್ತ್ರಿಗಳೇ! ಪಂಪ್ ಬದಲಾಯಿಸಿ ಕೊಡ್ತೀನಿ, ಬೇಕಾದ್ರೆ ಆ ಬೂದಿ ಬಣ್ಣದ್ದೂ ನೋಡಿ. ಮೈಯೆಲ್ಲ ಗುದ್ದಿಸಿಕೊಂಡಿದೆ, ಅದಕ್ಕೇ ಯಾರೂ ಮೂಸೂ ನೋಡ್ತಿಲ್ಲ,” ಎಂದು ಹೇಳಿ ಬೀಗದ ಕೈ ತರಲು ಒಳಗೆ ಹೋದ.

ಎಷ್ಟು ಸುಲಭವಾಗಿ ಮುಗಿದುಹೋಯಿತು! ಯಾರಿಗೂ ಏನೂ ತಿಳಿದಿರಲಿಲ್ಲ. ಹೆಸರಿಗೆ ಹೆಸರೂ ಉಳಿಯಿತು, ತಂಗಿಗೆ ಕೆಟ್ಟ ಗಾಡಿಯೂ ತಪ್ಪಿತು. ಇನ್ನು ಮುಂದೆ ಬೆರಳನ್ನೇ ನಂಬಿ ಕೆಲಸ ನಡೆಸಿದರಾಯಿತು, ಬಾಯಿಗೆ ಬೀಗ ಹಾಕಿಕೊಂಡರಾಯಿತು. ಮೇಸ್ತ್ರಿ ಹಾಗೆಂದುಕೊಂಡು ತಲೆ ಎತ್ತಿದ. ತಂಗಿ ಬೂದಿ ಬಣ್ಣದ ಗಾಡಿಯ ಬಾನೆಟ್ ಎತ್ತಿ, ರೇಡಿಯೇಟರಿನ ಮುಚ್ಚಳ ತೆಗೆದು, ಬೆರಳು ಅದ್ದಿದಳು. ತೆಗೆದು ನೋಡಿದಳು. ಮುಚ್ಚಳ ಹಾಕಿದಳು. ಎರಡು ಹೆಜ್ಜೆ ಹೋದವಳು ಮತ್ತೆ ವಾಪಸು ಬಂದು ಮುಚ್ಚಳ ತೆಗೆದು ಇನ್ನೊಮ್ಮೆ ಅದ್ದಿದಳು.

ಮೇಸ್ತ್ರಿಗೆ ತಡೆಯಲಾಗಲಿಲ್ಲ.

“ಅದನ್ನ ಬಿಡು ಪುಟ್ಟಿ,” ಎಂದ. “ಅವತ್ತು ನೀರಿಂದಲ್ಲ.”

“ಏನು?”

“ಸೇತುವೆ ಮೇಲೆ ಗಾಡಿ ನಿಂತಿದ್ದು ನೀನು ನೀರು ನೋಡದೇ ಇದ್ದಿದ್ದಕ್ಕಲ್ಲ. ಮೊದಲು ಪಂಪ್ ಕಚ್ಚಿಕೊಂಡಿತು, ಬೆಲ್ಟ್ ಹರೀತು, ಆಮೇಲೆ ನೀರು ಕುದ್ದು ಹೋಯ್ತು. ನೀನು ಬೆಳಗ್ಗೆ ನೋಡಿದ್ರೂ ತುಂಬಿದ ನೀರೇ ಕಾಣ್ತಿತ್ತು.” ಅವನು ಸ್ಕ್ರೂಡ್ರೈವರಿನ ಹಿಡಿ ಒರೆಸಿದ. “ಆ ಕೀರಲು ಪಂಪಿಂದು. ತಗೊಳ್ಳೋ ದಿನ ನಿನಗೆ ಕೇಳಿಸಿತ್ತು, ನನಗೆ ಕೇಳಿಸಲಿಲ್ಲ. ಬಾಯಿಗೆ ಬಂದಿದ್ದು ಹೇಳಿದೆ. ಈಗಲೂ ಕೇಳಿಸಲಿಲ್ಲ ಪುಟ್ಟಿ. ನನ್ನ ಕಿವಿ ಹೋಗಿದೆ.”

ಅವಳು ಒದ್ದೆ ಬೆರಳನ್ನು ಹಾಗೇ ಹಿಡಿದು ನಿಂತಿದ್ದಳು. “ನಿನಗೆ ಯಾವಾಗ ಗೊತ್ತಾಯ್ತು, ಪಂಪು ಅಂತ?”

ಇದನ್ನು ಕೇಳದೇ ಇದ್ದಿದ್ದರೆ ಚೆನ್ನಾಗಿತ್ತು. “ಗ್ಯಾರೇಜಿಗೆ ಎಳೆದು ತಂದ ದಿನವೇ. ಬಿಚ್ಚಿದಾಗ ಬೇರಿಂಗ್ ಪುಡಿ ಕೈಗೆ ಬಂತು. ನೀರಿಲ್ಲದೆ ಕಾದು ಒಡೆದಿರಬೇಕು ಅಂತ ನನಗೆ ನಾನೇ ಹೇಳ್ಕೊಂಡೆ. ಹಾಗಲ್ಲ ಅಂತ ಗೊತ್ತಿತ್ತು.”

“ಹದಿನಾಲ್ಕು ತಿಂಗಳು,” ಎಂದಳು ತಂಗಿ. ದನಿ ಏರಿಸಲಿಲ್ಲ. “ನಿದ್ದೇಲೂ ಈ ಮುಚ್ಚಳ ತಿರುಗಿಸ್ತೀನಿ ಅಣ್ಣ. ನೀನು ನೋಡ್ತಾನೇ ಇದ್ದೆ.”

ಅವಳು ಅಂಗಳದ ಗೇಟಿನವರೆಗೂ ಹೋಗಿ ಬೆನ್ನು ಹಾಕಿ ನಿಂತಳು. ಮೇಸ್ತ್ರಿ ಅವಳ ಹಿಂದೆ ಹೋಗಲಿಲ್ಲ. ಸಮಾಧಾನ ಹೇಳುವ ಹಕ್ಕನ್ನು ತಾನೇ ಕಳೆದುಕೊಂಡಿದ್ದೇನೆಂದು ಅವನಿಗೆ ತಿಳಿದಿತ್ತು. ದಲ್ಲಾಳಿ ಬೀಗದ ಕೈ ಹಿಡಿದು ಬಂದವನು ಇಬ್ಬರ ಮುಖ ನೋಡಿ, ಹುಟ್ಟಿದಾಗಿನಿಂದ ಮೊದಲ ಸಲವೋ ಏನೋ, ಮಾತಾಡದೆ ಬೀಗದ ಕೈಯನ್ನು ಬೂದಿ ಗಾಡಿಯ ಮೇಲಿಟ್ಟು ಹೊರಟುಹೋದ.

ಎಷ್ಟೋ ಹೊತ್ತಿನ ಮೇಲೆ ತಂಗಿ ವಾಪಸು ಬಂದಳು. ಕಣ್ಣು ಕೆಂಪಾಗಿತ್ತು. ಅಣ್ಣನ ಮುಖ ನೋಡದೆ ಕೈ ಚಾಚಿದಳು.

“ಕೊಡು ಅದನ್ನ.”

ಮೇಸ್ತ್ರಿ ಸ್ಕ್ರೂಡ್ರೈವರ್ ಕೊಟ್ಟ. ಯಾರಿಗೂ ಮುಟ್ಟಲು ಬಿಟ್ಟಿರದ ವಸ್ತು. ಅವಳು ಹಿಡಿಯನ್ನು ಕಿವಿಯ ಪಕ್ಕಕ್ಕೆ ಆನಿಸಿಕೊಂಡಳು, ಅವನು ಎಂಜಿನ್ ಶುರು ಮಾಡಿ ಅವಳ ಕೈ ಹಿಡಿದು ತುದಿಯನ್ನು ಒಂದೊಂದೇ ಜಾಗಕ್ಕೆ ಇಡಿಸಿದ.

“ಇಲ್ಲಿ ಕುದುರೆ ಓಡಿದ ಹಾಗೆ ಒಂದೇ ಲಯ ಇರ್ಬೇಕು. ನಡುವೆ ಎಡವಿದ್ರೆ ಹೇಳು.”

“ಎಡವ್ತಿಲ್ಲ.”

“ಇಲ್ಲಿ ಟಕಟಕ ಅಂತ ಸಣ್ಣಗೆ ಬಡೀಬೇಕು. ಜೋರಾಗಿ ಬಡಿದ್ರೆ ಬೇಡ.”

“ಸಣ್ಣಗೇ ಇದೆ.”

ಕೊನೆಗೆ ಪಂಪು. ಅವಳು ಕಣ್ಣು ಮುಚ್ಚಿ ಬಹಳ ಹೊತ್ತು ಕೇಳಿದಳು. ಮೇಸ್ತ್ರಿ ಅವಳ ಮುಖವನ್ನೇ ನೋಡುತ್ತ ನಿಂತ.

“ಬರೀ ಸುಯ್ ಅಂತ ಗಾಳಿ ಬೀಸಿದ ಹಾಗಿದೆ,” ಎಂದಳು. “ಕೀರಲು ಇಲ್ಲ.”

ಅವನು ಎಂಜಿನ್ ನಿಲ್ಲಿಸಿ ಗಾಲಿಯನ್ನು ಬೆರಳಿಂದ ಅಲುಗಿಸಿ ನೋಡಿದ. ಗಟ್ಟಿಯಾಗಿತ್ತು. ಕೆಳಗೆ ತೂರಿ ಚಾಸಿಯನ್ನೂ ಪಟ್ಟಿಗಳನ್ನೂ ನೋಡಿ ಬಂದ. ಗುದ್ದು ತಿಂದದ್ದೆಲ್ಲ ಮೈಗೆ ಮಾತ್ರ, ಮೂಳೆಗೆ ಏನೂ ಆಗಿರಲಿಲ್ಲ. “ಇದನ್ನ ತಗೋ,” ಎಂದ.

ಕಾಗದಪತ್ರ ಮುಗಿದು ಗಾಡಿ ಅವಳ ಕೈಗೆ ಬಂದದ್ದು ನಾಲ್ಕು ದಿನದ ನಂತರ. ಅಣ್ಣನ ಗ್ಯಾರೇಜಿನ ಮುಂದೆ ತಂದು ನಿಲ್ಲಿಸಿ, ಕೆಳಗಿಳಿಯದೆ ಬಾಗಿಲು ತೆರೆದಳು.

“ಹತ್ತು. ಒಂದು ಸಿಲಿಂಡರ್ ವಾಪಸು ತರೋದಿದೆ. ಅಲ್ಲಿ ಹೇಳಬೇಕಾದ್ದನ್ನ ನೀನೇ ಹೇಳ್ಬೇಕು.”

ಸೇತುವೆ ದಾಟುವಾಗ ಅವಳು ಸ್ಟೀರಿಂಗನ್ನು ಗಟ್ಟಿಯಾಗಿ ಹಿಡಿದದ್ದು ಅವನಿಗೆ ಕಾಣಿಸಿತು. ನೀರಿನ ಟ್ಯಾಂಕಿನ ಬೀದಿಯಲ್ಲಿ, ಕಿಟಕಿಯ ಪಕ್ಕ ಹೊಲಿಗೆ ಯಂತ್ರವಿದ್ದ ಮನೆಯ ಮುಂದೆ ನಿಂತರು. ಅಜ್ಜನ ಹೆಂಡತಿ ಟೈಲರಜ್ಜಿ ಬಾಗಿಲು ತೆರೆದಳು, ತಂಗಿಯ ಗುರುತು ಹಿಡಿದಳು, ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಮಂಚದ ತಲೆಯ ಕಡೆ ಸಿಲಿಂಡರ್ ಇನ್ನೂ ಹಾಗೇ ನಿಂತಿತ್ತು. ದೂಳು ಕೂರದ ಹಾಗೆ ಯಾರೋ ಅದಕ್ಕೆ ಅಳತೆಗೆ ಸರಿಯಾಗಿ ಬಟ್ಟೆಯ ಹೊದಿಕೆ ಹೊಲಿದಿದ್ದರು.

ಮೇಸ್ತ್ರಿ ನಿಂತುಕೊಂಡೇ ಹೇಳಿದ. ಕಿವಿಯ ವಿಷಯ, ಪಂಪಿನ ವಿಷಯ, ತಂಗಿಯ ತಲೆ ಮೇಲೆ ತಪ್ಪು ಹೊರಿಸಿ ಸುಮ್ಮನಿದ್ದದ್ದು, ಒಂದನ್ನೂ ಬಿಡಲಿಲ್ಲ. ಅಜ್ಜಿ ಹೊದಿಕೆಯ ಅಂಚನ್ನು ಸವರುತ್ತ ಕೇಳಿಸಿಕೊಂಡಳು. ಆಮೇಲೆ ತಲೆ ಎತ್ತದೆ ಏನೋ ಹೇಳಿದಳು. ಸಣ್ಣ ದನಿ. ಅವಳ ತುಟಿ ಅಲುಗಿದ್ದು ಮಾತ್ರ ಅವನಿಗೆ ಕಂಡಿತು.

ಅವನು ತಂಗಿಯ ಕಡೆ ತಿರುಗಿದ. “ಏನಂದ್ರು?”

ತಂಗಿ ಅಜ್ಜಿಯನ್ನು ನೋಡಿದಳು, ಅಣ್ಣನನ್ನು ನೋಡಿದಳು. ಆಮೇಲೆ ಹತ್ತಿರ ಬಂದು, ಅವನ ತೋಳು ಹಿಡಿದು, ಕಿವಿಗೆ ಬಾಯಿಟ್ಟು, ಅವನಿಗೆ ಕೇಳಿಸುವಷ್ಟು ಜೋರಾಗಿ ಹೇಳಿದಳು.

“ಅವತ್ತು ಅಜ್ಜ ಕೊನೇವರೆಗೂ ಬೀದಿ ಕಡೆಗೇ ಕಿವಿ ಕೊಟ್ಟು ಮಲಗಿದ್ರಂತೆ. ನಮ್ಮ ಗಾಡಿ ಸದ್ದು ಅವರಿಗೆ ಗೊತ್ತಿತ್ತಂತೆ. ಆ ಕೀರಲು ಕೇಳಿಸ್ತಾ, ಕೇಳಿಸ್ತಾ ಅಂತ ಕೇಳ್ತಾನೇ ಇದ್ರಂತೆ.”

ಮೇಸ್ತ್ರಿ ಬಗ್ಗಿ ಸಿಲಿಂಡರನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದ. ಖಾಲಿಯಾಗಿದ್ದರೂ ಅದನ್ನೆತ್ತಲು ತಂಗಿಯೂ ಕೈ ಹಾಕಬೇಕಾಯಿತು.